ವರ್ಣಮಾಪಕದ ಪ್ರಾಮಾಣ್ಯ ಮತ್ತು ಪ್ರಮಾಣಗಾಜುಗಳು

ಮೂಡಬಿದಿರೆಯ ಧವಳಾ ಪ್ರತಿಯಲ್ಲಿ 12ನೆಯ ಶತಮಾನದ ವರ್ಣಚಿತ್ರಗಳುಳ್ಳ ತಾಳೆಯೋಲೆಗಳಿರುವುದು ವಿದ್ವಾಂಸರಿಗೆ ಸುವಿದಿತ. ಇಂತಹ ಓಲೆಗಳನ್ನು ದರ್ಶನಕ್ಕಿಟ್ಟಾಗ ಬೆಳಕೇ ಅವುಗಳಿಗೆ ಹಾನಿಕರವಾಗುತ್ತದೆ. ಅದರಲ್ಲಿಯೂ 400 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ನೇರಳಾತೀತ ಕಿರಣವು ಬಣ್ಣವನ್ನೂ ಓಲೆಯ ನಾರನ್ನೂ ಕೆಡಿಸುತ್ತದೆ. ಇದನ್ನು ತಡೆಯಲು ಪೆಟ್ಟಿಗೆಯ ಗಾಜಿಗೆ ತೆಳುವಾದ ಹಾಳೆಯನ್ನು ಅಂಟಿಸುವುದುಂಟು. ಹಾಳೆಯು ನಿಜವಾಗಿ ತಡೆಯುವುದೇ ಎಂಬುದನ್ನು ಸ್ಪೆಕ್ಟ್ರೋಫೋಟೋಮೀಟರ್ ಎಂಬ ವರ್ಣಮಾಪಕದಿಂದ ತಿಳಿಯಬೇಕು. ಆದರೆ ಆ ಯಂತ್ರದ ಮಾತನ್ನು ನಂಬಲು ಆಧಾರವೇನು? ಮಾಸಿದ ಬಣ್ಣ ಮರಳಿ ಬಾರದಾದುದರಿಂದ ಈ ಪ್ರಶ್ನೆ ಭಂಡಾರಗಳಿಗೆ ಗೌಣವಾದುದಲ್ಲ.

ಪ್ರಾಮಾಣ್ಯವು ಸ್ವತಃ ಮತ್ತು ಪರತಃ ಎರಡು ಬಗೆಯಿಂದಲೂ ಸಿದ್ಧವಾಗುವುದೆಂದು ಮಾಣಿಕ್ಯನಂದಿ ಆಚಾರ್ಯರ ಪರೀಕ್ಷಾಮುಖದ ಮತ. ಅಭ್ಯಸ್ತ ವಿಷಯದಲ್ಲಿ ಸ್ವತಃ, ಅನಭ್ಯಸ್ತದಲ್ಲಿ ಪರತಃ. ಯಂತ್ರವು ತೋರಿಸುವ ಅಂಕೆಯ ಪ್ರಾಮಾಣ್ಯವು ಪರತಃ ಸಿದ್ಧವಾಗತಕ್ಕದ್ದು. ಆ 'ಪರ'ವೇ ಗುಣ ಮೊದಲೇ ನಿಶ್ಚಿತವಾದ ಪ್ರಮಾಣಗಾಜು.

ಗುಣ ತಿಳಿದ ಗಾಜು ಎಷ್ಟು ದೊಡ್ಡ ಸಾಕ್ಷಿಯಾಗಬಲ್ಲದೆಂಬುದಕ್ಕೆ ಸಂಪಿಗೆ ರಸ್ತೆ ಹಾದುಹೋಗುವ ಮಲ್ಲೇಶ್ವರಕ್ಕೆ ಸಂಬಂಧಪಟ್ಟ ನಿದರ್ಶನವೊಂದಿದೆ. ಅಲ್ಲಿ 'ಪಂಚವಟಿ' ಎಂಬ ಮನೆಯನ್ನು ಹೊಂದಿದ್ದ ಸರ್ ಸಿ. ವಿ. ರಾಮನ್ ಅವರು 1933ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅದಕ್ಕೆ ಮುನ್ನ, 1928ರಲ್ಲಿ, ಕಲ್ಕತ್ತೆಯಲ್ಲಿ ಕೆ. ಎಸ್. ಕೃಷ್ಣನ್ ಅವರೊಡನೆ ನಡೆಸಿದ ಪ್ರಯೋಗದಲ್ಲಿ ಎರಡು ಶೋಧಕಗಳನ್ನು ಬಳಸಿದ್ದರು. ನೀಲಿನೇರಳೆಯದನ್ನೂ ಹಳದಿಹಸಿರಿನದನ್ನೂ ಒಟ್ಟಾಗಿ ಸೂರ್ಯಕಿರಣಕ್ಕೆ ಅಡ್ಡವಿಟ್ಟರೆ ದ್ರವದೊಳಗಿನ ಬೆಳಕಿನ ಜಾಡು ಪೂರ್ತಿಯಾಗಿ ಅಳಿಯುತ್ತಿತ್ತು. ಎರಡನೆಯದನ್ನು ತೆಗೆದು ಕಣ್ಣಿನ ಮುಂದೆ ಹಿಡಿದಾಗ ಜಾಡು ಮತ್ತೆ ಕಂಡಿತು. ದ್ರವದಲ್ಲಿ ಚದುರಿದ ಬೆಳಕಿನ ಬಣ್ಣ ಬದಲಾಗಿತ್ತೆಂಬುದು ಇದರಿಂದ ಸಿದ್ಧವಾಯಿತು. ಶೋಧಕಗಳ ಜೋಡಿಯನ್ನು ಮೊದಲು ಪರೀಕ್ಷಿಸಿರದಿದ್ದರೆ ಈ ತೀರ್ಮಾನಕ್ಕೆ ಬೆಲೆಯಿರುತ್ತಿರಲಿಲ್ಲ.

ವರ್ಣಮಾಪಕವು ಬೆಳಕನ್ನು ತರಂಗಾಂತರಗಳಾಗಿ ಬಿಡಿಸಿ, ಒಂದೊಂದನ್ನೂ ವಸ್ತುವಿನ ಮೂಲಕ ಹಾಯಿಸಿ, ಶೇಕಡ ಎಷ್ಟು ಪಾರಾಯಿತೆಂದು ಹೇಳುತ್ತದೆ. ಇದರಲ್ಲಿ ಮೂರು ದೋಷಗಳು ಸಂಭವಿಸುತ್ತವೆ.

ಮೊದಲನೆಯದು ತರಂಗಾಂತರದ ದೋಷ. ಯಂತ್ರವು 400 ಎಂದು ತೋರಿಸುವಾಗ ನಿಜವಾಗಿ 394ರ ಬೆಳಕು ಹೋಗುತ್ತಿದ್ದರೆ, 396ರಿಂದ ಮೇಲಿನ ಕಿರಣವನ್ನು ಬಿಡುವ ಹಾಳೆಯೂ 400ರವರೆಗೆ ತಡೆಯುವುದೆಂದು ಭ್ರಮೆಯಾಗುತ್ತದೆ. ಇದಕ್ಕೆ ಹೋಲ್ಮಿಯಮ್ ಆಕ್ಸೈಡ್ ಬೆರೆಸಿದ ಗಾಜನ್ನು ಬಳಸುತ್ತಾರೆ. ಅದು ಸುಮಾರು 361, 418, 536, 637 ನ್ಯಾನೋಮೀಟರ್ ಮೊದಲಾದ ಸ್ಥಾನಗಳಲ್ಲಿ ಬೆಳಕನ್ನು ತೀವ್ರವಾಗಿ ಹೀರುತ್ತದೆ. ಯಂತ್ರವೂ ಗಾಜಿನ ಪ್ರಮಾಣಪತ್ರದಲ್ಲಿ ನಮೂದಾದ ಸ್ಥಾನಗಳನ್ನೇ ತೋರಿಸಬೇಕು. ಭಂಡಾರಕ್ಕೆ ಮುಖ್ಯವಾದ 400ರ ಗಡಿಯು 361 ಮತ್ತು 418ರ ನಡುವೆ ಬರುವುದರಿಂದ ಈ ಎರಡನ್ನು ವಿಶೇಷವಾಗಿ ಗಮನಿಸಬೇಕು.

ಎರಡನೆಯದು ಪರಿಮಾಣದ ದೋಷ. ಇದಕ್ಕೆ ಬೂದು ಗಾಜುಗಳು ಬೇಕು. ಸಾಮಾನ್ಯವಾಗಿ ಶೇ. 10, 20, 30ರಷ್ಟು ಬೆಳಕನ್ನು ಬಿಡುವ ಮೂರನ್ನು ಇಡುತ್ತಾರೆ. ಹೀರಿಕೆಯ ಮಾನದಲ್ಲಿ ಇವು ಕ್ರಮವಾಗಿ 1.00, 0.70, 0.52. ಒಂದೇ ಗಾಜಿನಿಂದ ಪರೀಕ್ಷಿಸಿದರೆ ಸಾಲದು. ಒಂದು ಪುಟ ಶುದ್ಧವಾಗಿದ್ದ ಮಾತ್ರಕ್ಕೆ ಪ್ರತಿಯೆಲ್ಲ ಶುದ್ಧವಾಗುವುದಿಲ್ಲವಷ್ಟೆ.

ಮೂರನೆಯದು ದಾರಿತಪ್ಪಿದ ಬೆಳಕು. ಶೇ. 0.1 ಮಾತ್ರ ಬಿಡುವ ಒಳ್ಳೆಯ ಹಾಳೆಯನ್ನೂ, ಶೇ. 1ರಷ್ಟು ಅನ್ಯಬೆಳಕು ಸೋರುವ ಯಂತ್ರವು ಸುಮಾರು 1.1 ಬಿಡುವುದೆಂದು ದೂಷಿಸುತ್ತದೆ. ಲೀಟರಿಗೆ 50 ಗ್ರಾಂ ಸೋಡಿಯಮ್ ನೈಟ್ರೈಟ್ ಕರಗಿಸಿದ ನೀರು 340ರಲ್ಲಿ ಬೆಳಕನ್ನು ಬಿಡುವುದಿಲ್ಲ. ಅಲ್ಲಿಯೂ ಯಂತ್ರವು ಬೆಳಕನ್ನು ತೋರಿಸಿದರೆ ಅದು ಯಂತ್ರದೊಳಗಿನ ಸೋರಿಕೆಯೇ ಸರಿ.

ಪ್ರಮಾಣಗಾಜಿಗೆ ಪ್ರಮಾಣ ಯಾವುದೆಂದು ಕೇಳಬಹುದು. ಪ್ರತಿಗೆ ಮಾತೃಪ್ರತಿಯಿರುವಂತೆ ಗಾಜಿಗೂ ಪರಂಪರೆಯುಂಟು. ಪ್ರಯೋಗಶಾಲೆಯ ಗಾಜನ್ನು ಮೇಲಿನ ಪ್ರಮಾಣದೊಡನೆ, ಅದನ್ನು ರಾಷ್ಟ್ರೀಯ ಪ್ರಮಾಣದೊಡನೆ ತಾಳೆನೋಡಿರುತ್ತಾರೆ. ಭಾರತದಲ್ಲಿ ರಾಷ್ಟ್ರೀಯ ಅಳತೆಗಳ ಹೊಣೆ ದೆಹಲಿಯ ರಾಷ್ಟ್ರೀಯ ಭೌತ ಪ್ರಯೋಗಾಲಯದ್ದು. ಪ್ರತಿಯೊಂದು ಹಂತದಲ್ಲಿಯೂ ಸಂಶಯದ ಮಿತಿಯನ್ನು ಅಂಕೆಯಲ್ಲಿ ಬರೆದಿಡುವುದು ಈ ಪರಂಪರೆಯ ವಿಶೇಷ. ಆದರೂ ಗಾಜಿನ ಮೈ ಕಾಲಕ್ರಮದಲ್ಲಿ ಬದಲಾಗುತ್ತದೆ, ಬೆರಳಿನ ಗುರುತೂ ಅಳತೆಯನ್ನು ಕೆಡಿಸುತ್ತದೆ. ಆದ್ದರಿಂದ ಅದನ್ನು ಅಂಚಿನಲ್ಲಿಯೇ ಹಿಡಿಯಬೇಕು. ನಿಯತ ಅವಧಿಗೊಮ್ಮೆ ಮರುಪರೀಕ್ಷೆಗೆ ಕಳುಹಿಸಬೇಕು.

ಭಂಡಾರದ ಅಧಿಕಾರಿಗಳು ಈ ಯಂತ್ರವನ್ನು ಕೊಳ್ಳಬೇಕಾದುದಿಲ್ಲ. ಹಾಳೆಯ ತುಣುಕನ್ನು ಪ್ರಯೋಗಶಾಲೆಗೆ ಕೊಡುವಾಗ ಫಲಿತಾಂಶದೊಡನೆ ಯಂತ್ರವನ್ನು ಪರೀಕ್ಷಿಸಿದ ದಿನಾಂಕ, ಬಳಸಿದ ಪ್ರಮಾಣಗಾಜು, ಅದರ ಪ್ರಮಾಣಪತ್ರ ಇವನ್ನೂ ಕೇಳಿ ಪಡೆಯಬೇಕು. ಆಧಾರಪ್ರತಿಯನ್ನು ಹೇಳದ ಪಾಠವನ್ನು ಸಂಪಾದಕರು ಸ್ವೀಕರಿಸದಂತೆ, ಇವಿಲ್ಲದ ಅಂಕೆಯನ್ನು ನಂಬಿ ಓಲೆಗಳನ್ನು ಬೆಳಕಿಗೆ ಒಡ್ಡಬಾರದು.