ಕಾಲಿನ ಉಬ್ಬಿದ ರಕ್ತನಾಳಗಳು: ಕಾರಣ ಮತ್ತು ಚಿಕಿತ್ಸೆ

(ಗ್ರಾಮ ಪಂಚಾಯಿತಿ ಸದಸ್ಯರ ಮಾಹಿತಿಗಾಗಿ)



ಕಣಕಾಲಿನ ಒಳಬದಿಯಲ್ಲಿ ತಿಂಗಳುಗಟ್ಟಲೆ ಮಾಯದ ಹುಣ್ಣು, ಸುತ್ತಲೂ ಕಪ್ಪಾದ ಚರ್ಮ, ಮೇಲ್ಗಡೆ ಹಗ್ಗದಂತೆ ಸುತ್ತಿಕೊಂಡ ನೀಲಿ ನಾಳಗಳು. ಇಂತಹ ಕಾಲುಗಳನ್ನು ಗ್ರಾಮಗಳಲ್ಲಿ ಕಂಡಿರುತ್ತೀರಿ. ಜನರು ಇದನ್ನು ನರದ ದೋಷವೆಂದೋ ವಯಸ್ಸಿನ ದೋಷವೆಂದೋ ಭಾವಿಸಿ ಸುಮ್ಮನಾಗುವುದುಂಟು. ವಾಸ್ತವವಾಗಿ ಇದು ಹೃದಯಕ್ಕೆ ರಕ್ತವನ್ನು ಹಿಂದಿರುಗಿಸುವ ಅಭಿಧಮನಿಗಳ ಕಾಯಿಲೆ. ಇದಕ್ಕೆ ವೆರಿಕೋಸ್ ವೇನ್ಸ್ ಎಂದು ಹೆಸರು. ಹುಣ್ಣಿಗೆ ಮುಲಾಮು ಹಚ್ಚಿದರೆ ಸಾಲದು, ಮೂಲವಾದ ನಾಳಕ್ಕೇ ಚಿಕಿತ್ಸೆಯಾಗಬೇಕು.

ಕಾರಣಗಳು

ಪಾದದಿಂದ ರಕ್ತವು ಮೇಲೇರಲು ಮೀನಖಂಡದ ಸ್ನಾಯುಗಳು ಪಂಪಿನಂತೆ ಒತ್ತುತ್ತವೆ. ಏರಿದ ರಕ್ತ ಕೆಳಗಿಳಿಯದಂತೆ ಅಭಿಧಮನಿಗಳೊಳಗಿನ ಚಿಕ್ಕ ಕವಾಟಗಳು ತಡೆಯುತ್ತವೆ. ಕವಾಟಗಳು ಸಡಿಲಗೊಂಡಾಗ ರಕ್ತವು ಹಿಮ್ಮುಖವಾಗಿ ಹರಿದು ಕೆಳಗೆ ನಿಲ್ಲುತ್ತದೆ, ನಾಳಗಳು ಉಬ್ಬುತ್ತವೆ. ಅನುವಂಶೀಯತೆ, ಗರ್ಭಧಾರಣೆ, ಸ್ಥೂಲಕಾಯ, ಹೆಚ್ಚಿದ ವಯಸ್ಸು ಹಾಗೂ ದೀರ್ಘಕಾಲ ಒಂದೆಡೆ ನಿಂತು ಮಾಡುವ ಕೆಲಸ ಇದರ ಸಂಭವವನ್ನು ಹೆಚ್ಚಿಸುತ್ತವೆ. ಬಿಸಿಯೂಟದ ಅಡುಗೆಯವರು, ಶಿಕ್ಷಕರು, ಬಸ್ ನಿರ್ವಾಹಕರು, ಹೋಟೆಲ್ ಕಾರ್ಮಿಕರು ಇದಕ್ಕೆ ಉದಾಹರಣೆ.

ಲಕ್ಷಣಗಳು

ಸಂಜೆಯ ವೇಳೆಗೆ ಕಾಲು ಭಾರವಾಗುವುದು, ಊತ, ತುರಿಕೆ ಮೊದಲಿನವು. ನಿರ್ಲಕ್ಷಿಸಿದರೆ ಚರ್ಮ ಕಪ್ಪಾಗಿ ಗಟ್ಟಿಯಾಗುತ್ತದೆ, ಅನಂತರ ಹುಣ್ಣಾಗುತ್ತದೆ. ಕೆಲವೊಮ್ಮೆ ನಾಳ ಒಡೆದು ರಕ್ತಸ್ರಾವವಾಗಬಹುದು. ಆಗ ರೋಗಿಯನ್ನು ಮಲಗಿಸಿ, ಕಾಲನ್ನು ಎತ್ತರಿಸಿ, ಶುಭ್ರ ಬಟ್ಟೆಯಿಂದ ಬಿಗಿಯಾಗಿ ಒತ್ತಿ ಹಿಡಿದು 108ಕ್ಕೆ ಕರೆ ಮಾಡಬೇಕು. ಒಂದೇ ಕಾಲು ಹಠಾತ್ತನೆ ಊದಿಕೊಂಡು ನೋಯುವುದು ಅಥವಾ ಅದರೊಡನೆ ಉಸಿರಾಟ ಕಷ್ಟವಾಗುವುದು ರಕ್ತ ಹೆಪ್ಪುಗಟ್ಟಿದ ಸೂಚನೆಯಾಗಿರಬಹುದು; ತಡಮಾಡದೆ ಆಸ್ಪತ್ರೆಗೆ ಸೇರಿಸಬೇಕು.

ಚಿಕಿತ್ಸೆ

ರಕ್ತದ ಹರಿವನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್‌ನಿಂದ ದೋಷವಿರುವ ನಾಳವನ್ನು ಗುರುತಿಸಲಾಗುತ್ತದೆ. ಹಿಂದೆ ತೊಡೆಸಂದಿಯಲ್ಲಿ ಕೊಯ್ದು ನಾಳವನ್ನು ಎಳೆದು ತೆಗೆಯುತ್ತಿದ್ದರು. ಈಗ ಸೂಜಿಯ ರಂಧ್ರದ ಮೂಲಕ ತೆಳುವಾದ ಕೊಳವೆಯನ್ನು ಸೇರಿಸಿ, ಲೇಸರ್ ಅಥವಾ ರೇಡಿಯೋ ತರಂಗದ ಶಾಖದಿಂದ ನಾಳವನ್ನು ಒಳಗಿನಿಂದಲೇ ಮುಚ್ಚಲಾಗುತ್ತದೆ. ಕಾಲಿನ ಆ ಭಾಗಕ್ಕಷ್ಟೇ ಅರಿವಳಿಕೆ ಸಾಕು. ಸಾಮಾನ್ಯವಾಗಿ ರೋಗಿಯು ಅದೇ ದಿನ ನಡೆದು ಮನೆಗೆ ಹೋಗಬಹುದು. ಚಿಕ್ಕ ನಾಳಗಳಿಗೆ ನೊರೆರೂಪದ ಔಷಧಿಯ ಚುಚ್ಚುಮದ್ದು ನೀಡುವುದುಂಟು. ಮುಚ್ಚಿದ ನಾಳದ ಬದಲು ಆಳದ ಆರೋಗ್ಯವಂತ ನಾಳಗಳು ರಕ್ತವನ್ನು ಒಯ್ಯುತ್ತವೆ. ಆದುದರಿಂದ ಕಾಲಿನ ಶಕ್ತಿ ಕುಂದುವುದೆಂಬ ಭಯ ಅನಗತ್ಯ. ಆದರೆ ಮುಂದೆ ಬೇರೆ ನಾಳಗಳು ಉಬ್ಬುವ ಸಾಧ್ಯತೆಯಿರುವುದರಿಂದ ನಡಿಗೆ, ತೂಕದ ನಿಯಂತ್ರಣ ಹಾಗೂ ವಿಶ್ರಾಂತಿಯಲ್ಲಿ ಕಾಲು ಎತ್ತರಿಸುವುದು ಮುಂದುವರಿಯಬೇಕು. ಬಿಗಿ ಕಾಲುಚೀಲವನ್ನು ವೈದ್ಯರ ಸಲಹೆಯಿಲ್ಲದೆ ಧರಿಸಬಾರದು. ಕಾಲಿಗೆ ರಕ್ತ ತರುವ ಧಮನಿಗಳು ಕಿರಿದಾಗಿದ್ದರೆ ಅದು ಅಪಾಯಕಾರಿ.

ಸದಸ್ಯರ ಪಾತ್ರ

1. ಎರಡು ವಾರಗಳಾದರೂ ಮಾಯದ ಕಾಲಿನ ಹುಣ್ಣಿರುವವರನ್ನು ಆಶಾ ಕಾರ್ಯಕರ್ತೆಯರ ನೆರವಿನಿಂದ ಗುರುತಿಸಿ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕಳುಹಿಸುವುದು. ಮಧುಮೇಹದಿಂದಲೂ ಹುಣ್ಣಾಗುವುದರಿಂದ ರಕ್ತದ ಸಕ್ಕರೆ ಪರೀಕ್ಷೆ ಅವಶ್ಯ.
2. ಹುಣ್ಣಿಗೆ ಸುಣ್ಣ, ಸೊಪ್ಪಿನ ರಸ ಹಚ್ಚದಂತೆ ಗ್ರಾಮಸಭೆಯಲ್ಲಿ ತಿಳಿವಳಿಕೆ ನೀಡುವುದು.
3. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಡಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಯಾವ ವಿಧಾನದ ಚಿಕಿತ್ಸೆಗೆ ಇದು ಅನ್ವಯಿಸುತ್ತದೆ ಎಂಬುದನ್ನು ಆಸ್ಪತ್ರೆಯ ಆರೋಗ್ಯಮಿತ್ರರಿಂದ ಮೊದಲೇ ಖಚಿತಪಡಿಸಿಕೊಳ್ಳುವಂತೆ ತಿಳಿಸುವುದು.

ದುಡಿಯುವ ವ್ಯಕ್ತಿಯ ಕಾಲು ಸೋತರೆ ಕುಟುಂಬದ ಅಂದಿನ ಕೂಲಿಯೇ ನಿಲ್ಲುತ್ತದೆ. ಆದ್ದರಿಂದ ಸದಸ್ಯರು ಈ ವಿಷಯವನ್ನು ತಮ್ಮ ವಾರ್ಡಿನ ಪ್ರತಿ ಮನೆಗೂ ತಲುಪಿಸಬೇಕೆಂದು ಕೋರಲಾಗಿದೆ.