ಹಣ ಪಡೆಯಲು ಪಿನ್ ಬೇಕಿಲ್ಲ

ಕಮಲಾಪುರದ ಕೆಂಪು ಬಾಳೆಹಣ್ಣನ್ನು ಕಲಬುರಗಿಯ ಮಾರುಕಟ್ಟೆಯಲ್ಲಿ ಕೊಳ್ಳುವವರು ಹಣ್ಣನ್ನು ಮುಟ್ಟಿ ನೋಡಿ, ಮಾರುವವನ ಮುಖ ನೋಡಿ ಹಣ ಕೊಡುತ್ತಾರೆ. ಮೊಬೈಲಿನ ಸಂತೆಯಲ್ಲಿ ಮುಖವೂ ಕಾಣದು, ಮಾಲೂ ಕೈಗೆ ಸಿಗದು.

ಹಳೆಯ ಮಂಚವನ್ನೋ ಸ್ಕೂಟರನ್ನೋ ಮಾರಲು ಅಲ್ಲಿ ಜಾಹೀರಾತು ನೀಡಿದವರಿಗೆ ಕರೆಯೊಂದು ಬರುತ್ತದೆ. ಕರೆ ಮಾಡಿದವನು ತಾನು ಸೈನಿಕನೆನ್ನುತ್ತಾನೆ; ಚೌಕಾಸಿಯಿಲ್ಲದೆ ಬೆಲೆಗೆ ಒಪ್ಪುತ್ತಾನೆ; ಹಣ ಪಡೆಯಲು ತಾನು ಕಳುಹಿಸಿದ ಕ್ಯೂಆರ್ ಕೋಡನ್ನು ಸ್ಕ್ಯಾನ್ ಮಾಡಿ ಪಿನ್ ಒತ್ತಬೇಕೆನ್ನುತ್ತಾನೆ. ಒತ್ತಿದೊಡನೆ ಮಾರುವವರ ಖಾತೆಯಿಂದಲೇ ಹಣ ಹೋಗುತ್ತದೆ. ಯುಪಿಐಯಲ್ಲಿ ಹಣ ಕೊಡುವುದಕ್ಕೆ ಪಿನ್ ಬೇಕು. ಪಡೆಯುವುದಕ್ಕೆ ಎಂದಿಗೂ ಬೇಕಿಲ್ಲ. ಕೊಳ್ಳುವವರು ವಸ್ತುವನ್ನು ಕಣ್ಣಾರೆ ಕಾಣದೆ ಅಪರಿಚಿತರಿಗೆ ಮುಂಗಡ ಕೊಡಬಾರದು.

ಮೋಸಹೋದವರು ನಾಚಿಕೆಯಿಂದ ಮೌನವಾಗುವುದು ವಂಚಕನಿಗೇ ಅನುಕೂಲ. ರಾಷ್ಟ್ರೀಯ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕೂಡಲೇ ತಿಳಿಸಿದರೆ, ಹಣವು ಖಾತೆಯಿಂದ ಖಾತೆಗೆ ಸಾಗಿ ಮರೆಯಾಗುವ ಮುನ್ನ ಅದನ್ನು ತಡೆಹಿಡಿಯುವ ಅವಕಾಶವಿದೆ. ತಂದೆತಾಯಿಗಳಾಗಲಿ ಮಕ್ಕಳಾಗಲಿ ಮೋಸಹೋದಾಗ, ಮನೆಯವರು ಗದರಿಸದೆ ಮೊದಲು ಆ ಕರೆ ಮಾಡಿಸಲಿ.

ವ್ಯಾಪಾರದಲ್ಲಿನ ವಂಚನೆಯನ್ನು ಧರ್ಮಸಭೆಯು ಏಳನೆಯ ಆಜ್ಞೆಗೆ ವಿರುದ್ಧವಾದ ಪಾಪವೆಂದು ಬೋಧಿಸುತ್ತದೆ. ಆದುದರಿಂದ ನಾವು ಮಾರುವಾಗಲೂ ವಸ್ತುವಿನ ದೋಷವನ್ನು ಮರೆಮಾಚದಿರೋಣ. ಎಚ್ಚರವೂ ಪ್ರಾಮಾಣಿಕತೆಯೂ ನಮ್ಮ ಕುಟುಂಬಗಳಲ್ಲಿ ಜೊತೆಯಾಗಿರಲಿ.