ನಿಮಗಿದು ಗೊತ್ತೆ? ಹಲ್ಲಿನ ಜೊತೆ ನಾಲಿಗೆಯೂ
ಹುಳುಕು ಹಲ್ಲು ತೋರಿಸಲು ಹೋದಾಗ ದಂತವೈದ್ಯರು ನಾಲಿಗೆಯನ್ನು ಬಟ್ಟೆಯಲ್ಲಿ ಹಿಡಿದು ಆಚೀಚೆ ಹೊರಳಿಸಿ, ಕೆನ್ನೆಯ ಒಳಭಾಗ ಸವರಿ, ಕತ್ತಿನಲ್ಲಿ ಗಂಟಿದೆಯೇ ಎಂದು ಒತ್ತಿ ನೋಡಿದರೆ ಅದು ಬಾಯಿ ಕ್ಯಾನ್ಸರ್ ತಪಾಸಣೆ. ಸೂಜಿಯಿಲ್ಲ, ನೋವಿಲ್ಲ, ಕೆಲವೇ ನಿಮಿಷ. ಹುಡುಕುವುದು ಬಿಳಿ, ಕೆಂಪು ಮಚ್ಚೆಗಳನ್ನು (ಕೆಂಪಿನದೇ ಅಪಾಯ ಹೆಚ್ಚು), ಎರಡು ವಾರವಾದರೂ ಮಾಯದ ಹುಣ್ಣನ್ನು. ಅನುಮಾನ ಬಂದರೆ ಬಯಾಪ್ಸಿ.

ತಿರುವನಂತಪುರ ಜಿಲ್ಲೆಯಲ್ಲಿ 1996ರಲ್ಲಿ ಶುರುವಾದ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಬರಿಗಣ್ಣಿನಿಂದಲೇ ಬಾಯಿ ಪರೀಕ್ಷಿಸಿದರು. ತಂಬಾಕು, ಮದ್ಯ ಸೇವಿಸುವವರಲ್ಲಿ ಬಾಯಿ ಕ್ಯಾನ್ಸರಿನ ಸಾವು ಸುಮಾರು ಶೇ 34ರಷ್ಟು ಇಳಿದಿತ್ತು.

ಹೊಗೆಸೊಪ್ಪು ಹಾಕದೆ ಬರೀ ಅಡಿಕೆ ಜಗಿಯುವವರೂ ಬಾಯಿ ತೋರಿಸುವುದು ಒಳ್ಳೆಯದು. ಮಲೆನಾಡಿನ ಬೆಳೆಗಾರರಿಗೆ ಸಿಟ್ಟು ಬಂದೀತು, ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 2004ರ ವರದಿಯಲ್ಲೇ ಅಡಿಕೆಯನ್ನು ಕ್ಯಾನ್ಸರ್‌ಕಾರಕ ಎಂದಿದೆ.